ಓಬಕ್ಕನ ಕರಿನಾಲಗೆ

ಓಬಕ್ಕ ಬಾಯಿ ತೆರೆದರೆ ಮೊದಲು ಕಾಣುತ್ತಿದ್ದುದು ಅವಳ ನಾಲಗೆ. ನೇರಳೆ ಹಣ್ಣು ತಿಂದವರ ನಾಲಗೆಯ ಹಾಗಲ್ಲ. ಅದು ಸಂಜೆಯೊಳಗೆ ತಿಳಿಯಾಗುತ್ತದೆ. ಇವಳದು ಬಾಣಲೆಯ ತಳದ ಕಪ್ಪು. ನಡುವೆಲ್ಲ ಕಪ್ಪು, ಅಂಚಿನಲ್ಲಿ ಮಾತ್ರ ಒಂದು ಎಳೆ ಕೆಂಪು. ಹಬ್ಬದ ದಿನ ತಲೆಗೆ ನೀರು ಹಾಕಿಕೊಂಡು, ಮಡಿಸಿಟ್ಟ ಸೀರೆ ಉಟ್ಟುಕೊಂಡು ಬಂದರೂ ನಾಲಗೆ ಮಾತ್ರ ಹಾಗೇ ಇರುತ್ತಿತ್ತು. ಅವಳು ಇದ್ದಿಲು ಸುಟ್ಟು ಮಾರುವವಳು. ಪ್ರತಿ ತುಂಡನ್ನೂ ನಾಲಗೆಗೆ ಒತ್ತಿ ನೋಡಿ, ಇದು ಇಂಥ ಮರದ್ದು, ಇಂಥ ಕೆಲಸಕ್ಕೆ ಆಗುತ್ತದೆ ಎಂದು ಹೇಳಿ ಕೊಡುವವಳು. ಇಪ್ಪತ್ತು ಮೂವತ್ತು ವರ್ಷ ಹಾಗೆ ಮಾಡಿದರೆ ಯಾರ ನಾಲಗೆ ತಾನೇ ಕೆಂಪಗೆ ಉಳಿದೀತು?

ಆದರೆ ನಮ್ಮ ಮಧುಗಿರಿಯಲ್ಲಿ ಕರಿನಾಲಗೆ ಅಂದರೆ ಬೇರೆಯೇ ಅರ್ಥ. ಆ ನಾಲಗೆಯವರು ಆಡಿದ ಕೆಟ್ಟ ಮಾತು ಸುಳ್ಳಾಗುವುದಿಲ್ಲ ಅಂತ. ಇದ್ದಿಲಿನಿಂದ ಕಪ್ಪಾದರೇನು, ಹುಟ್ಟಿನಿಂದ ಕಪ್ಪಾದರೇನು, ಕಪ್ಪು ಕಪ್ಪೇ ಅಂತ ನಮ್ಮ ಬೀದಿಯ ಹೆಂಗಸರೆಲ್ಲ ತೀರ್ಮಾನ ಮಾಡಿಬಿಟ್ಟಿದ್ದರು. ನಾನೂ ಆ ಬೀದಿಯ ಹೆಂಗಸೇ.

ಅವಳು ಹೋಗಿ ಎಷ್ಟೋ ವರ್ಷವಾಯಿತು. ಈಗ ನೆನೆಯುವುದಕ್ಕೆ ಕಾರಣ ನನ್ನ ಮೊಮ್ಮಗಳು ಪಾರ್ವತಿ. ಅವಳ ವಿಷಯ ಬಂದರೆ ನನಗೆ ಮಾತು ನಿಲ್ಲುವುದಿಲ್ಲ, ನೀವೇ ತಡೆದುಕೊಳ್ಳಬೇಕು. ಒಂಬತ್ತು ತುಂಬಿ ಹತ್ತರಲ್ಲಿದ್ದಾಳೆ. ಮಹಾರಾಜರ ವರ್ಧಂತಿಯ ದಿನ ಇಸ್ಕೂಲಿನಲ್ಲಿ ಎಲ್ಲರ ಮುಂದೆ ನಿಂತು ಪದ್ಯ ಹೇಳಿ, ಬಹುಮಾನಕ್ಕೆ ಸ್ಲೇಟು ತಂದಳು. ಆ ಸ್ಲೇಟನ್ನು ನಾನು ಬೀದಿಯ ಅಷ್ಟೂ ಮನೆಗೆ ಹೊತ್ತುಕೊಂಡು ಹೋಗಿ ತೋರಿಸಿ ಬಂದೆ. ಮೊನ್ನೆ ರಜಕ್ಕೆ ಬಂದವಳು ಮೇಷ್ಟ್ರ ಹತ್ತಿರ ಕೇಳಿ ಭೂತಗನ್ನಡಿ ತಂದಿದ್ದಳು. ಒಲೆಯ ಪಕ್ಕದಿಂದ ಒಂದು ಇದ್ದಿಲು ತೆಗೆದು, ಮುರಿದು, ಮುರಿದ ಕಡೆಗೆ ಕನ್ನಡಿ ಹಿಡಿದು, "ಅಜ್ಜೀ, ಬಾ ಇಲ್ಲಿ. ಇದ್ಲೊಳಗೆ ಊರೇ ಐತೆ ನೋಡು" ಅಂದಳು.

ನೋಡಿದೆ. ತೂತು. ಒಂದರ ಪಕ್ಕ ಒಂದು, ಎಣಿಸಲಾರದಷ್ಟು ತೂತು. ಕೆಲವು ದೊಡ್ಡವು, ಅವುಗಳ ಸುತ್ತ ರಾಗಿ ಕಾಳಿನ ಕಾಲುಭಾಗದಷ್ಟು ಸಣ್ಣವು. ಸುಟ್ಟು ಕರಿದಾಗಿದ್ದರೂ ಒಂದೂ ಕಲಸಿ ಹೋಗಿರಲಿಲ್ಲ. ಇದನ್ನೇ ಓಬಕ್ಕ ಕನ್ನಡಿಯೇ ಇಲ್ಲದೆ ನನಗೆ ಹೇಳಿದ್ದಳು. ನನಗೆ ಕಣ್ಣಲ್ಲಿ ನೀರು ಬಂತು. ಪಾರ್ವತಿ, "ಅಜ್ಜಿ ಇದ್ಲು ನೋಡಿ ಅಳ್ತಾಳೆ" ಅಂತ ಮನೆಯೆಲ್ಲ ಕೂಗಿಕೊಂಡು ಓಡಾಡಿದಳು.

ಓಬಕ್ಕ ಪಾವಗಡದ ಕಡೆಯವಳು. ಮನೆಮಾತು ತೆಲುಗು. ಗಂಡ ಸತ್ತ ಮೇಲೆ ಚನ್ನರಾಯನದುರ್ಗದ ಬೆಟ್ಟದ ಬುಡಕ್ಕೆ ಬಂದು, ಒಬ್ಬಳೇ ಗುಡಿಸಲು ಹಾಕಿಕೊಂಡು ಇದ್ದಿಲು ಸುಡುತ್ತಿದ್ದಳು. ಸೌದೆಯನ್ನು ನಿಲ್ಲಿಸಿ ಜೋಡಿಸಿ, ಸೊಪ್ಪು ಹೊದಿಸಿ, ಮೇಲೆ ಮಣ್ಣು ಮೆತ್ತಿ ಗೂಡು ಕಟ್ಟುತ್ತಿದ್ದಳು. ಒಳಗೆ ಕಿಚ್ಚು ಹಾಕಿ, ಗೂಡಿನ ಬುಡದ ಗಂಡಿಗಳನ್ನು ಒಂದೊಂದಾಗಿ ಮುಚ್ಚುತ್ತ ಬರುವುದು. ಎಲ್ಲ ಮುಚ್ಚಿದ ಮೇಲೆ ಮೂರು ದಿನ ಕಾಯುವುದು. ಆರಿಸುವುದಕ್ಕೆ ಒಂದು ಹನಿ ನೀರು ಸೋಕಿಸುತ್ತಿರಲಿಲ್ಲ. ಮಂಗಳವಾರ ಮಂಗಳವಾರ ಎರಡು ಕತ್ತೆಗಳ ಮೇಲೆ ಮೂಟೆ ಹೇರಿಕೊಂಡು ಮಧುಗಿರಿಗೆ ಬರುವಳು. ನಮ್ಮದು ಕೋಟೆಯ ಕೆಳಗಿನ ಬೀದಿ. ಹಿತ್ತಲ ಕಡೆಯಿಂದ ಬಂದು, ಮೂಟೆ ಇಳಿಸಿ, "ಅವ್ವಾರೇ, ಬೊಗ್ಗು" ಅನ್ನುವಳು. ಇದ್ದಿಲಿಗೆ ಅವರ ತೆಲುಗಿನಲ್ಲಿ ಹಾಗನ್ನುತ್ತಾರೆ. ಅವಳ ಕತ್ತೆಗಳಿಗೂ ತೆಲುಗೇ ಬರುತ್ತಿತ್ತು. ಕನ್ನಡದಲ್ಲಿ ಹೇಳಿದರೆ ಕಿವಿ ಕೂಡ ಅಲ್ಲಾಡಿಸುತ್ತಿರಲಿಲ್ಲ.

ನನ್ನ ಹತ್ತಿರ ಅವಳು ಬಹಳ ಮಾತಾಡುತ್ತಿದ್ದಳು. ಹಿತ್ತಲ ಕಲ್ಲಿನ ಮೇಲೆ ಕೂತು, ಮಜ್ಜಿಗೆ ಕುಡಿಯುತ್ತ, ಒಂದು ಇದ್ದಿಲು ಹಿಡಿದುಕೊಂಡರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

"ಮರ ಅಂದ್ರೆ ಏನಂದ್ಕಂಡ್ರಿ ಅವ್ವಾರೆ? ಬರೀ ಉಸ್ರುಗಂಡಿ. ಬೇರಿಂದ ಎಲೆಗಂಟ ನೀರು ಹತ್ತಬೇಕಲ್ಲ, ಅದಕ್ಕೆ ದಾರಿ. ಸುಟ್ರೆ ಮರ ಹೋಯ್ತದೆ, ದಾರಿ ಹೋಗಲ್ಲ."

ಉಸಿರುಗಂಡಿ ಅನ್ನುವ ಮಾತನ್ನು ನಾನು ಬೇರೆ ಯಾರ ಬಾಯಲ್ಲೂ ಕೇಳಿಲ್ಲ. ಅವಳೇ ಮಾಡಿಕೊಂಡದ್ದಿರಬೇಕು. ಒಂದು ಬೆರಳುದ್ದದ ತುಂಡು ತೆಗೆದು, ತೆಂಗಿನ ಚಿಪ್ಪಿನ ನೀರಿಗೆ ಒಂದು ತುದಿ ಅದ್ದಿ, ಇನ್ನೊಂದು ತುದಿಗೆ ಬಾಯಿಟ್ಟು ಊದಿದರೆ ನೀರಿನಲ್ಲಿ ಗುಳುಗುಳು ಗುಳ್ಳೆ ಏಳುತ್ತಿತ್ತು. ಮರದ ನಡುವಿನ ಚೇಗಿನದಾದರೆ ಎಷ್ಟು ಊದಿದರೂ ಗುಳ್ಳೆ ಬರುತ್ತಿರಲಿಲ್ಲ. "ಚೇಗು ವಯಸ್ಸಾದಂಗೆ. ಗಂಡಿ ಮುಚ್ಕಂಡಿರ್ತವೆ, ಯಾರ ಮಾತೂ ಒಳಕ್ಕೆ ಹೋಗಲ್ಲ" ಎಂದು, ಒಳಗೆ ಜಪ ಮಾಡುತ್ತಿದ್ದ ನಮ್ಮ ಅತ್ತೆಯ ಕಡೆ ಕಣ್ಣು ಮಿಟುಕಿಸುವಳು.

ನಾಲಗೆಯ ಪರೀಕ್ಷೆ ಇನ್ನೂ ನವುರಾದದ್ದು. ಗಂಡಿ ಸಣ್ಣದಾದಷ್ಟೂ ನಾಲಗೆಯ ತೇವವನ್ನು ಜೋರಾಗಿ ಎಳೆದುಕೊಳ್ಳುತ್ತದಂತೆ. "ಹುಣಸೇದು ಹಿಡ್ಕಂಡ್ರೆ ಬುಡಾಕಿಲ್ಲ, ಅತ್ತೆ ಇದ್ದಂಗೆ. ಮುತ್ತುಗದ್ದು ದೊಡ್ಡ ಗಂಡಿ, ಹಬ್ಬಕ್ಕೆ ಬಂದ ಅಳಿಯನಂಗೆ. ಬಂದ, ಉಂಡ, ಉರ್ದ, ಹೋದ. ಜಾಲಿ ನೋಡ್ರಿ, ಮನೆ ಸೊಸೆ. ಬೈದ್ರೂ ಕೆಲ್ಸ ಮಾಡ್ತದೆ." ಕಮ್ಮಾರರ ತಿದಿಗೆ ಜಾಲಿ ಕೊಡುವಳು, ಬಿರುಸು ಬಾಣ ಮಾಡುವವರಿಗೆ ಎಕ್ಕದ ಇದ್ದಿಲು. ಬಾಣಂತಿಯರ ಕೋಣೆಯ ಅಗ್ಗಿಷ್ಟಿಕೆಗೆ ಹುಣಸೆ. ಅದು ನಿಧಾನ ಉರಿಯುತ್ತದೆ, ಹೊಗೆ ಇಲ್ಲ, ಕಿಡಿ ಸಿಡಿಸುವುದಿಲ್ಲ.

ಸಿರಾದಿಂದ ಹುಸೇನ್ ಸಾಬರು ಅಂತ ಪಾತ್ರೆಗೆ ಕಲಾಯಿ ಹಾಕುವವರು ವರ್ಷಕ್ಕೆ ಎರಡು ಸಲ ಬಂದು ನಮ್ಮ ಮನೆಯ ಮುಂದೆ ಕೂರುತ್ತಿದ್ದರು. ಒಂದು ಸಲ ಅವರು ಓಬಕ್ಕನ ಕಣ್ಣಿಗೆ ಬಟ್ಟೆ ಕಟ್ಟಿ ಪರೀಕ್ಷೆ ಮಾಡಿದರು. ಬೀದಿಯೇ ಸೇರಿತ್ತು. ಮೊದಲನೆಯದು ಜಾಲಿ ಅಂದಳು, ಸರಿ. ಎರಡನೆಯದನ್ನು ನಾಲಗೆಗೆ ತಾಕಿಸಿದವಳೇ, "ಇದು ಮರನೇ ಅಲ್ಲ, ತೆಂಗಿನ ಚಿಪ್ಪು. ಆಟ ಆಡ್ತೀಯಾ ಸಾಬಣ್ಣ?" ಅಂದಳು. ಮೂರನೆಯದನ್ನು ಬಹಳ ಹೊತ್ತು ಹಿಡಿದಿದ್ದಳು.

"ಹೊಂಗೆ. ಆದ್ರೆ ನನ್ನ ಗೂಡಿಂದಲ್ಲ. ನೀರು ಹಾಕಿ ಆರಿಸವ್ರೆ, ತೂಕ ಬರ್ಲಿ ಅಂತ. ಉಸ್ರುಗಂಡಿ ತುಂಬಾ ನೀರು ಕುಡುದೈತೆ. ಯಾರತ್ರ ತಗಂಡೆ, ನನ್ನ ಬುಟ್ಟು?"

ಹುಸೇನ್ ಸಾಬರು ಗಡ್ಡ ಕೆರೆದುಕೊಂಡರು. "ಅರೆ, ಹೋದ ವಾರ ನೀನು ಬರ್ಲಿಲ್ಲ ಅಕ್ಕಾ. ಅರ್ಜೆಂಟಿತ್ತು."

"ಅರ್ಜೆಂಟಿಗೆ ನೀರು ಕಾಸ್ಕಂಡು ಕುಡಿ. ಇದ್ರಾಗೆ ತವರ ಕರಗಲ್ಲ."

ಎಲ್ಲರೂ ನಕ್ಕರು. ನಕ್ಕ ಹೆಂಗಸರೇ ಮನೆಗೆ ಹೋಗುವಾಗ, ಅವಳ ನಾಲಗೆ ನೋಡಿದಿರಾ ಎಂದು ಒಬ್ಬರಿಗೊಬ್ಬರು ಪಿಸುಗುಟ್ಟಿದ್ದನ್ನೂ ನಾನು ಕೇಳಿಸಿಕೊಂಡೆ.

ಪಕ್ಕದ ಮನೆಯ ಬಸಮ್ಮನ ಮಗಳು ಗಿರಿಜೆ ಹೆರಿಗೆಗೆ ತವರಿಗೆ ಬಂದಿದ್ದಳು. ಗಂಡು ಮಗುವಾಯಿತು. ಹದಿನೈದು ದಿನವಾಗಿತ್ತು, ಚಳಿಗಾಲ. ಓಬಕ್ಕ ಹುಣಸೆಯ ಇದ್ದಿಲು ತಂದು ಹಾಕಿ, ಬಾಣಂತಿ ಕೋಣೆಯ ಬಾಗಿಲ ಸಂದಿಗೆಲ್ಲ ಬಟ್ಟೆ ತುರುಕಿದ್ದನ್ನು ನೋಡಿದಳು. ನಾನು ಅಲ್ಲೇ ಜಗಲಿಯಲ್ಲಿ ಮೊರ ಹಿಡಿದು ಕೂತಿದ್ದೆ.

"ಅವ್ವಾರೆ, ಹೊಗೆ ಇಲ್ಲ ಅಂತ ನಂಬ್ಕಂಡು ಬಾಗ್ಲು ಬಿಗೀಬ್ಯಾಡ್ರಿ. ಹೊಗೆ ಇದ್ರೆ ಕೆಮ್ಮಿ ಎದ್ದು ಬತ್ತಾರೆ. ಈ ಇದ್ಲ ಉಸ್ರು ಕಣ್ಣಿಗೂ ಕಾಣಲ್ಲ, ಮೂಗಿಗೂ ಸಿಕ್ಕಲ್ಲ. ಒಂದು ಗೇಣು ಗಂಡಿ ಬುಡ್ರಿ. ಇಲ್ದಿದ್ರೆ ಮಲಿಕ್ಕಂಡೋಳು ಮಲಿಕ್ಕಂಡಂಗೇ ಇರ್ತಾಳೆ."

ಬಸಮ್ಮನ ಮುಖ ಬಿಳುಚಿಕೊಂಡಿತು. "ಏನಂದೆ? ಬಾಣಂತಿ ಮನೇಲಿ ನಿಂತು ಏನಂದೆ? ಬಿಡ್ತು ಅನ್ನು. ಮೊದಲು ಬಿಡ್ತು ಅನ್ನೇ."

ಕೆಟ್ಟ ಮಾತು ಬಾಯಿಂದ ಬಂದರೆ ಆಡಿದವರೇ ಬಿಡ್ತು ಅನ್ನಬೇಕು. ಆಗ ಆ ಮಾತು ಬಿಟ್ಟು ಹೋಗುತ್ತದೆ ಅಂತ ನಮ್ಮಲ್ಲಿ ನಂಬಿಕೆ. ದಿನಕ್ಕೆ ಹತ್ತು ಸಲ ಮಕ್ಕಳ ಕೈಲಿ ಅನ್ನಿಸುತ್ತೇವೆ.

"ನಾನು ಕೆಟ್ಟದ್ದಕ್ಕೆ ಹೇಳ್ಲಿಲ್ಲ ಕಣ್ರವ್ವ. ಬಿಡ್ತು ಅಂದ್ರೆ ಹೇಳಿದ್ದೇ ಹೋಯ್ತದಲ್ಲ."

"ಹೋಗ್ಲಿ ಅಂತಲೇ ಹೇಳ್ತಿರೋದು. ಅಂತೀಯೋ, ಪೊರಕೆ ತರಲೋ?"

ಓಬಕ್ಕ ನನ್ನ ಕಡೆ ನೋಡಿದಳು. ನಾನು ಮೊರದಲ್ಲಿ ಕಲ್ಲು ಹುಡುಕಿದೆ.

"ಬುಡ್ತು" ಅಂದಳು. ಮೂರು ಸಲ ಅನ್ನಿಸಿದರು. ಅವಳು ಹೋದ ಮೇಲೆ ಬಸಮ್ಮ, ಆ ಮಾತು ಮತ್ತೆ ಒಳಗೆ ನುಗ್ಗದಿರಲಿ ಅಂತ, ಕೋಣೆಯ ಮಾಳಿಗೆಯ ಬೆಳಕಿಂಡಿಗೂ ಗೋಣಿ ತುರುಕಿಸಿದಳು. ಅಲ್ಲಿಯ ತನಕ ಅದೊಂದು ಮಾತ್ರ ತೆರೆದಿತ್ತು.

ಎರಡು ದಿನ ಕಳೆದು, ಎಣ್ಣೆ ನೀರು ಹಾಕಿಸಿಕೊಂಡು ಮಲಗಿದ ಗಿರಿಜೆ ಮಧ್ಯಾಹ್ನ ಏಳಲಿಲ್ಲ. ಮಗು ಹೊರಗೆ ಅಜ್ಜಿಯ ತೊಡೆಯ ಮೇಲಿತ್ತು, ಉಳಿಯಿತು. ಬೀದಿಯಲ್ಲಿ ಒಬ್ಬರಾದರೂ ಅಗ್ಗಿಷ್ಟಿಕೆಯ ಹೆಸರೆತ್ತಲಿಲ್ಲ. ಹೇಳಿದಳು, ಆಯಿತು, ಕರಿನಾಲಗೆ ಅಂದರು. ನಾನೂ ಹೌದೌದು ಅಂದೆ. ಈಗ ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಅಂದದ್ದು ಅಂದದ್ದೇ.

ಮುಂದಿನ ಮಂಗಳವಾರ ಓಬಕ್ಕ ಹಿತ್ತಲಿಗೆ ಬಂದು ನಿಂತಾಗ ಅವಳ ಹಣೆಯಲ್ಲಿ ಕಲ್ಲೇಟಿನ ಗಾಯವಿತ್ತು. "ನನ್ನ ನಾಯಿ ಹಿಂಗೇ ಹೋಯ್ತು ಅವ್ವಾರೆ. ಗಾಳಿ ಇಲ್ದ ದಿನ ಗೂಡಿನ ಮಗ್ಗುಲಾಗೆ ಬೆಚ್ಚಗೈತೆ ಅಂತ ಮಲಿಕ್ಕಂತು, ಏಳ್ಲೇ ಇಲ್ಲ. ಹೊಗೆ ಇರ್ಲಿಲ್ಲ. ಅದನ್ನೇ ಹೇಳಿದ್ದು ನಾನು. ಕೇಳ್ಲಿಲ್ಲ" ಅಂದಳು. ಅವತ್ತು ಮಜ್ಜಿಗೆ ಕುಡಿಯಲಿಲ್ಲ. ಆಮೇಲೆ ಅವಳು ಊರೊಳಗೆ ಬರುವಾಗ ಸೆರಗನ್ನು ಬಾಯಿಗೆ ಅಡ್ಡ ಕಟ್ಟಿಕೊಂಡು ಬರತೊಡಗಿದಳು. ಇದ್ದಿಲು ಎಲ್ಲರಿಗೂ ಬೇಕಿತ್ತು, ಅವಳದೇ ಬೇಕಿತ್ತು. ಮಾತು ಯಾರಿಗೂ ಬೇಡವಾಗಿತ್ತು.

ನನ್ನ ಮಗಳು ನೀಲಳಿಗೆ ಮೊದಲೆರಡು ಮಕ್ಕಳು ಕೈಗೆ ಹತ್ತಿರಲಿಲ್ಲ. ಮೂರನೆಯದಕ್ಕೆ ಕೊರಟಗೆರೆಯಿಂದ ನಮ್ಮ ಮನೆಗೆ ಬಂದಳು. ಹೆಣ್ಣು ಮಗು. ಹುಟ್ಟಿದ ತಕ್ಷಣ ಎಂಥ ಗಂಟಲು ಅಂತೀರಿ, ಕೋಟೆಯ ಮೇಲಿನವರಿಗೂ ಕೇಳಿಸಿರಬೇಕು. ಕೆನ್ನೆ ಬೆಣ್ಣೆಯುಂಡೆ, ಕೂದಲು ಕಿವಿಯವರೆಗೆ. ನಾನು ಆ ಹನ್ನೊಂದು ದಿನ ನೆಲದ ಮೇಲೆ ನಡೆದದ್ದೇ ನೆನಪಿಲ್ಲ. ಆ ಮಗುವೇ ಈ ಪಾರ್ವತಿ.

ಹನ್ನೆರಡನೆಯ ದಿನ ಜಿನುಗು ಮಳೆ, ಥಂಡಿ ಗಾಳಿ. ಬೆಳಗ್ಗೆ ತಾಯಿಗೂ ಮಗುವಿಗೂ ನೀರು ಹಾಕಿ, ಸಾಂಬ್ರಾಣಿ ತೋರಿಸಿ, ಕಂಬಳಿ ಹೊದಿಸಿ ಮಲಗಿಸಿದೆವು. ಶೀತವಾದರೆ ಸನ್ನಿ ಹಿಡಿಯುತ್ತದೆ ಅಂತ ನಮ್ಮ ಅತ್ತೆ ತಾವೇ ನಿಂತು ಬಾಗಿಲು ಬಿಗಿ ಮಾಡಿಸಿದರು. ಮಳೆ ನೀರು ಬೀಳುತ್ತದೆ ಅಂತ ಬೆಳಕಿಂಡಿಗೂ ಗೋಣಿ ತುರುಕಿಸಿದರು. ಒಳಗೆ ಅಗ್ಗಿಷ್ಟಿಕೆ, ತುಂಬ ಹುಣಸೆಯ ಇದ್ದಿಲು.

ಓಬಕ್ಕ ಮೂಟೆ ಇಳಿಸಲು ಬಂದಳು. ಮಾಳಿಗೆಯ ಮೇಲಿನ ಗೋಣಿ ಹಿತ್ತಲಿಗೆ ಕಾಣುತ್ತಿತ್ತು. ಅದನ್ನು ನೋಡಿದಳು, ನನ್ನನ್ನು ನೋಡಿದಳು. ಕೈ ಎತ್ತಿ ಮಾಳಿಗೆಯ ಕಡೆ ತೋರಿಸಿದಳು. ಬಾಯಿಗೆ ಕಟ್ಟಿದ ಸೆರಗು ಒಳಗಿನಿಂದ ಅಲ್ಲಾಡಿತು.

"ಓಬಕ್ಕ, ಒಳಗೆ ಬಾಣಂತಿ ಇದಾಳೆ. ನಿನ್ನ ಕಾಲಿಗೆ ಬೀಳ್ತೀನಿ, ಏನೂ ಅನ್ನಬೇಡ" ಅಂದೆ. ಅತ್ತೆ ಒಳಗಿನಿಂದ, "ಯಾರೇ ಅದು? ಅವಳಾ? ಬಾಯಿ ಬಿಟ್ಟರೆ ನೋಡು" ಅಂದರು.

ಓಬಕ್ಕ ಬಾವಿಕಟ್ಟೆಯ ಮೇಲಿದ್ದ ತುಂಬಿದ ಕೊಡವನ್ನು ಎತ್ತಿ ಸೊಂಟಕ್ಕಿಟ್ಟುಕೊಂಡು, ಗೋಡೆಗೆ ಒರಗಿಸಿದ್ದ ಏಣಿ ಹತ್ತಿದಳು. ಏನು ಮಾಡುತ್ತಾಳೆ ಅಂತ ನನಗೆ ಹೊಳೆಯುವಷ್ಟರಲ್ಲಿ ಗೋಣಿ ಕಿತ್ತು ಅಂಗಳಕ್ಕೆ ಎಸೆದು, ಅಷ್ಟೂ ನೀರನ್ನು ಬೆಳಕಿಂಡಿಯಿಂದ ಒಳಗೆ ಸುರಿದಳು. ಅಗ್ಗಿಷ್ಟಿಕೆ ಸರಿಯಾಗಿ ಅದರ ಕೆಳಗಿತ್ತು. ಹಾವು ಬುಸುಗುಟ್ಟಿದ ಹಾಗೆ ಸದ್ದಾಯಿತು. ಅತ್ತೆ ಕಿರುಚಿಕೊಂಡು ಬಾಗಿಲು ತಳ್ಳಿದರು, ನಾನೂ ನುಗ್ಗಿದೆ.

ಅಷ್ಟು ಸದ್ದಾದರೂ, ಮುಖಕ್ಕೆ ಬೂದಿ ನೀರು ಸಿಡಿದಿದ್ದರೂ, ನೀಲ ಕಣ್ಣು ತೆರೆದಿರಲಿಲ್ಲ. ಮಗುವಿನ ತುಟಿ ತೊಂಡೆಹಣ್ಣಿನ ಬಣ್ಣಕ್ಕೆ ತಿರುಗಿತ್ತು, ಅಳು ಇಲ್ಲ. ಕಂಬಳಿ ಸಮೇತ ಇಬ್ಬರನ್ನೂ ಪಡಸಾಲೆಗೆ ಎಳೆದು ತಂದೆವು. ಗಾಳಿ ಹಾಕಿದೆವು, ಕೆನ್ನೆ ತಟ್ಟಿದೆವು, ಶಿವಾ ಶಿವಾ ಅಂದೆವು. ಎಷ್ಟು ಹೊತ್ತೋ. ಮೊದಲು ಮಗು ಒಂದು ಸಲ ಮುಲುಗಿತು. ಆಮೇಲೆ ಅತ್ತಿತು. ಅಂಥ ಅಳುವನ್ನು ನಾನು ಜನ್ಮದಲ್ಲಿ ಕೇಳಿಲ್ಲ. ನಗಾರಿ ಹೊಡೆದ ಹಾಗೆ, ಜಾಗಟೆ ಬಾರಿಸಿದ ಹಾಗೆ. ನೀಲ ವಾಂತಿ ಮಾಡಿಕೊಂಡು, "ತಲೆ ಸಿಡೀತಿದೆ ಅವ್ವಾ" ಅಂದಳು. ನಾನು ಇಬ್ಬರನ್ನೂ ತಬ್ಬಿಕೊಂಡು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ಗೊತ್ತಿಲ್ಲ. ತಲೆ ಎತ್ತಿ ನೋಡಿದಾಗ ಓಬಕ್ಕ ಏಣಿ ಇಳಿದು, ಖಾಲಿ ಕೊಡವನ್ನು ಬಾವಿಕಟ್ಟೆಯ ಮೇಲೆ ಬೋರಲಿಟ್ಟು, ಕತ್ತೆ ಹೊಡೆದುಕೊಂಡು ಹೊರಟು ಹೋಗಿದ್ದಳು.

ಇನ್ನಾದರೂ ಬೀದಿಯವರ ಬುದ್ಧಿ ತಿರುಗುತ್ತದೆ ಅಂದುಕೊಂಡೆ. ಸಂಜೆ ನಮ್ಮ ಅತ್ತೆ ಬಂದವರಿಗೆಲ್ಲ ಹೇಳಿದ್ದು ಇದು: "ನಮ್ಮ ಪುಣ್ಯ ಕಣ್ರೇ, ಆ ಕರಿನಾಲಗೆ ಬಾಯಿ ಬಿಡಲಿಲ್ಲ. ಒಂದು ಮಾತು ಆಡಿದ್ದಿದ್ರೆ ಗಿರಿಜೆ ಹೋದಂಗೆ ಇವರಿಬ್ರೂ ಹೋಗೋರು." ಎಲ್ಲರೂ ತಲೆದೂಗಿದರು. ಬಸಮ್ಮ ಬಿಕ್ಕಿ ಬಿಕ್ಕಿ ಅತ್ತಳು. ಆ ಅಳುವಿನ ಮುಂದೆ ನಾನು ಏನು ಹೇಳಲಿ? ಬಾಗಿಲು ಬಿಗಿದದ್ದು ನೀನೇ ಅಂತ ಹೇಳಲೇ? ಒಳಗೆ ಹೋಗಿ ಅವಳಿಗೆ ಕುಡಿಯಲು ನೀರು ತಂದುಕೊಟ್ಟೆ.

ಐದು ತಿಂಗಳಿಗೆ ನೀಲ ಮಗುವನ್ನೆತ್ತಿಕೊಂಡು ಗಂಡನ ಮನೆಗೆ ಹೊರಟಳು. ಕೊರಟಗೆರೆಗೆ ಬಿಟ್ಟು ಬರಲು ನಾನೂ ಗಾಡಿಯಲ್ಲಿ ಹೋದೆ. ಚನ್ನರಾಯನದುರ್ಗದ ಹತ್ತಿರ ಗಾಡಿ ನಿಲ್ಲಿಸಿ, ಮಗುವನ್ನು ಕಂಕುಳಿಗೆ ಹಾಕಿಕೊಂಡು ಓಬಕ್ಕನ ಗುಡಿಸಲ ಹತ್ತಿರ ನಡೆದೆ. ಅವಳು ಹೊಸ ಗೂಡಿಗೆ ಮಣ್ಣು ಮೆತ್ತುತ್ತಿದ್ದಳು. ನಮ್ಮನ್ನು ನೋಡಿದವಳೇ ಸೆರಗನ್ನು ಬಾಯಿಗೆ ಎಳೆದುಕೊಂಡಳು. ಅಲ್ಲಿ ಯಾರೂ ಇರಲಿಲ್ಲ, ಆದರೂ ಎಳೆದುಕೊಂಡಳು. ಕೈ ತೊಳೆದು ಬಂದು ಮಗುವಿನ ಪಾದವನ್ನು ಒಂದು ಬೆರಳಿನಿಂದ ಮುಟ್ಟಿದಳು. ಮಗು ಅವಳ ಬೆರಳು ಹಿಡಿದುಕೊಂಡು ಕೇಕೆ ಹಾಕಿತು.

"ನಿನ್ನಿಂದ ಉಳಿದದ್ದು ಓಬಕ್ಕ. ಒಂದು ಒಳ್ಳೆ ಮಾತು ಹೇಳು. ನೂರು ವರ್ಷ ಬಾಳು ಅನ್ನು, ಸಾಕು."

ತಲೆ ಅಲ್ಲಾಡಿಸಿದಳು. ನಾನು ಬಿಡಲಿಲ್ಲ, ಮತ್ತೆ ಮತ್ತೆ ಕೇಳಿದೆ. ಕೊನೆಗೆ ಅವಳು ಮುಖ ಆಚೆ ತಿರುಗಿಸಿ ಸೆರಗು ಸಡಿಲಿಸಿದಳು. ಆಡದೆ ಆಡದೆ ದನಿ ಒಡೆದಿತ್ತು.

"ಗಿರಿಜವ್ವ ಗಾಳಿ ಇಲ್ದೆ ಸತ್ಲು ಅಂತ ನನಗೆ ಗೊತ್ತಿತ್ತು ಅವ್ವಾರೆ. ನನ್ನ ನಾಯಾಣೆ ಗೊತ್ತಿತ್ತು. ಈಗ ಒಬ್ಳೇ ಕುಂತ್ಕಂಡ್ರೆ, ಅಷ್ಟು ಜನ ಹೇಳೋದು ಸುಳ್ಳಾಯ್ತದಾ ಅನ್ನಿಸ್ತದೆ. ನಾನು ಹೇಳ್ದೆ, ಸತ್ಲು. ಹೇಳ್ಲಿಲ್ಲ, ಇವ್ರು ಉಳುದ್ರು. ನೀವು ನಾಕಕ್ಸರ ಕಲ್ತೋರು. ನೋಡಿ ಹೇಳ್ರಿ. ಇದು ಇದ್ಲ ಕಪ್ಪೋ, ಆ ಕಪ್ಪೋ?"

ಹೀಗೆಂದು ನನ್ನ ಕಡೆ ತಿರುಗಿ, ವೈದ್ಯರ ಮುಂದೆ ಮಕ್ಕಳು ಮಾಡುವ ಹಾಗೆ, ಪೂರ್ತಿ ನಾಲಗೆ ಹೊರಗೆ ಚಾಚಿದಳು.

ಇದ್ದಿಲ ಕಪ್ಪು ಕಣೇ ಅನ್ನಬೇಕಿತ್ತು. ಅಷ್ಟೇ. ನನಗೆ ಗೊತ್ತಿತ್ತು, ಬಾಯಿಗೂ ಬಂದಿತ್ತು. ಆದರೆ ಅದಕ್ಕೆ ಮೊದಲು ನನ್ನ ಕೈ ಮಗುವಿನ ಮುಖವನ್ನು ನನ್ನ ಎದೆಗೆ ತಿರುಗಿಸಿಕೊಂಡುಬಿಟ್ಟಿತು. ನಾನು ತಿರುಗಿಸಲಿಲ್ಲ, ಕೈ ತಿರುಗಿಸಿತು. ಓಬಕ್ಕ ಆ ಕೈಯನ್ನು ನೋಡಿದಳು. ನಾಲಗೆ ಒಳಗೆ ಎಳೆದುಕೊಂಡು, ಸೆರಗನ್ನು ಎರಡು ಸುತ್ತು ಬಿಗಿಯಾಗಿ ಕಟ್ಟಿಕೊಂಡಳು. ಆಮೇಲೆ ನಾನು ಏನೇನು ಹೇಳಿದೆನೋ, ಎಲ್ಲದಕ್ಕೂ ತಲೆ ಆಡಿಸಿದಳು. ಗಾಡಿಯ ತನಕ ಬಂದು, ಮಗುವಿನ ಕಂಬಳಿ ಜಾರಿದ್ದನ್ನು ಸರಿ ಮಾಡಿ, ಹೊರಡಿ ಅಂತ ಕೈ ಮಾಡಿದಳು.

ಮುಂದೆ ಮಂಗಳವಾರಗಳು ಬಂದವು, ಅವಳು ಬರಲಿಲ್ಲ. ಮರುವರ್ಷ ಹುಸೇನ್ ಸಾಬರು ಕಲಾಯಿ ಹಾಕಲು ಬಂದಾಗ ಸುದ್ದಿ ತಂದರು. ಪಾವಗಡದ ಕಡೆ ತಮ್ಮನ ಮನೆಗೆ ಹೋಗಿ ಸೇರಿಕೊಂಡಿದ್ದಳಂತೆ. ತಮ್ಮನ ಸೊಸೆ ಬಸುರಿ ಅಂತ ಮನೆಯೊಳಗೆ ಹೋಗದೆ ಹೊರಗಿನ ಚಪ್ಪರದಲ್ಲೇ ಇದ್ದಳಂತೆ. ಜ್ವರ ಬಂದು ನಾಲ್ಕು ದಿನಕ್ಕೆ ಹೋದಳಂತೆ.

"ಕೊನೆಗೆ ಏನಾದರೂ ಅಂದಳಾ ಸಾಬರೇ?" ಎಂದು ಕೇಳಿದೆ.

ಹುಸೇನ್ ಸಾಬರು ತಿದಿ ಒತ್ತುವುದನ್ನು ನಿಲ್ಲಿಸಿದರು. "ಇಲ್ಲಮ್ಮಾ. ನೀರು ಬೇಕಾದ್ರೂ ಕೈಸನ್ನೇಲೇ ಕೇಳ್ತಿದ್ಲಂತೆ."